ಬೆಂಕಿ ಜಾಯಿಂಟು

ಪ್ಲಂಬರುಗಳನ್ನು ಕಂಡರೆ ನನಗಾಗುವುದಿಲ್ಲ. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಪೈಪು, ನಲ್ಲಿ, ಎಲ್ಬೊ, ವಾಲ್ವು ಮಾರುವ ಅಂಗಡಿ ನನ್ನದು. ಬೆಳಗ್ಗೆ ಶಟರ್ ಎತ್ತಿದರೆ ಮೊದಲು ಬರುವವರು ಅವರೇ, ನನ್ನ ಮನೆಯಲ್ಲಿ ಅನ್ನ ಬೇಯುವುದೂ ಅವರಿಂದಲೇ. ಆದರೂ ಆಗುವುದಿಲ್ಲ. ಅಳತೆ ತರದೆ ಬರುತ್ತಾರೆ. "ಇಷ್ಟುದ್ದ ಅಕ್ಕಾ" ಎಂದು ಗಾಳಿಯಲ್ಲಿ ಎರಡು ಕೈ ಅಗಲಿಸಿ ತೋರಿಸುತ್ತಾರೆ. ತಪ್ಪು ಸೈಜನ್ನು ಒಯ್ದು, ಕೊಯ್ದು, ಅಂಟು ಬಳಿದು, ಸಂಜೆ ವಾಪಸ್ ತಂದು ಕೌಂಟರ್ ಮೇಲೆ ಕುಕ್ಕುತ್ತಾರೆ. ತಗೊಳಲ್ಲ ಅಂದರೆ ಗಲ್ಲಿಗೆಲ್ಲ ಕೇಳುವ ಹಾಗೆ ಬಾಯಿ. ಇವರೆಲ್ಲರಲ್ಲಿ ಒಬ್ಬನನ್ನು ನಾನು ಮನಸ್ಸಿಟ್ಟು ದ್ವೇಷಿಸಿದೆ. ಅವನ ವಿಷಯ ಬರೆಯಲು ಕೂತಿದ್ದೇನೆ.

ಅವನು ಕಲಬುರಗಿ ಕಡೆಯವನು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು. ಎದುರಿಗೆ ಬನ್ನಿ ಮೇಸ್ತ್ರಿ, ಕೂತ್ಕೊಳಿ ಮೇಸ್ತ್ರಿ ಎನ್ನುತ್ತಿದ್ದೆ, ಬರೆಯುವಾಗ ಅಷ್ಟು ಮರ್ಯಾದೆ ನನ್ನ ಕೈಯಿಂದ ಬರುವುದಿಲ್ಲ. ಜೀವನ್ ಬಿಮಾ ನಗರದಲ್ಲಿ ಹದಿನಾಲ್ಕು ಮನೆಗಳ ಒಂದು ಹಳೆ ಬಿಲ್ಡಿಂಗಿಗೆ ಅವನೇ ಕಾಯಂ ಪ್ಲಂಬರ್. ನೀರು ಬಿಡುವುದು, ಪಂಪು ಹಾಕುವುದು, ಸೋರುವುದನ್ನು ನಿಲ್ಲಿಸುವುದು ಎಲ್ಲ ಅವನದೇ. ಅದಕ್ಕೆ ಬದಲಾಗಿ ಮೆಟ್ಟಿಲ ಕೆಳಗೆ, ಪಂಪಿನ ಪಕ್ಕದಲ್ಲಿ ಒಂದು ರೂಮು ಕೊಟ್ಟಿದ್ದರು. ಅವನೂ ಅವನ ಹೆಂಡತಿಯೂ ಅಲ್ಲೇ ಇದ್ದರು. ಆಕೆ ಅದೇ ಬಿಲ್ಡಿಂಗಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಂಡಿ ಹೋಗಿದ್ದರಿಂದ ಹೊಸ ಕಟ್ಟಡದ ಕೆಲಸಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಸಣ್ಣ ರಿಪೇರಿಗೆ ಈಗ ಜನ ಫೋನಿನಲ್ಲೇ ಒತ್ತಿ ಯೂನಿಫಾರ್ಮ್ ಹಾಕಿದವರನ್ನು ಕರೆಸುತ್ತಾರೆ. ಆ ಬಿಲ್ಡಿಂಗ್ ಒಂದು ಕೈ ತಪ್ಪಿದರೆ ಅವನಿಗೆ ಕೆಲಸವೂ ಇಲ್ಲ, ಸೂರೂ ಇಲ್ಲ. ಇದು ಗಲ್ಲಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ನಾನು ಅಂಗಡಿಗೆ ಬಂದು ಕೂತೆ. ಅಲ್ಲಿಯವರೆಗೆ ಮಧ್ಯಾಹ್ನದ ಊಟದ ಡಬ್ಬಿ ಕೊಡಲು ಬಂದವಳೇ ಹೊರತು ಕೌಂಟರಿನ ಆ ಕಡೆಗೆ ಕಾಲಿಟ್ಟವಳಲ್ಲ. ಮಾರಿಬಿಡು ಅಂದರು ಎಲ್ಲರೂ. ಮಾರುವುದಿಲ್ಲ ಅಂದೆ, ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಬಹುಶಃ ಮಾರಿಬಿಡು ಅಂತ ಎಲ್ಲರೂ ಅಂದಿದ್ದಕ್ಕೇ ಇರಬೇಕು. ನನ್ನ ಸ್ವಭಾವ ಹಾಗೆ.

ಮೊದಲ ವಾರವೇ ಅವನು ಬಂದ. ಅಂಗಡಿಯ ಮೆಟ್ಟಿಲ ಮೇಲೆ ಇನ್ನೂ ಮೂವರು ಪ್ಲಂಬರುಗಳು ಟೀ ಕುಡಿಯುತ್ತ ಕೂತಿದ್ದರು. ಅವನು ಕೌಂಟರಿಗೆ ಮೊಣಕೈ ಊರಿ, ಬಹಳ ಗಂಭೀರವಾಗಿ, "ತಂಗಿ, ಮುಕ್ಕಾಲು ಇಂಚಿಂದು ಎಡಗೈ ಎಲ್ಬೊ ನಾಕು ಕೊಡು" ಎಂದ. ನಾನು ಏಣಿ ಹತ್ತಿದೆ. ಡಬ್ಬಗಳನ್ನೆಲ್ಲ ಇಳಿಸಿದೆ. ಒಂದೊಂದು ಎಲ್ಬೊ ತೆಗೆದು ತಿರುಗಿಸಿ ನೋಡಿದೆ, ಎಡಗೈ ಯಾವುದು ಬಲಗೈ ಯಾವುದು ಅಂತ. ಅರ್ಧ ಗಂಟೆ. ಮೆಟ್ಟಿಲ ಮೇಲೆ ಯಾರೋ ಮೂಗಿನಲ್ಲಿ ಟೀ ಬರುವ ಹಾಗೆ ನಕ್ಕಾಗಲೇ ಗೊತ್ತಾದದ್ದು, ಎಲ್ಬೊದಲ್ಲಿ ಎಡ ಬಲ ಅಂತ ಇಲ್ಲವೇ ಇಲ್ಲ. ಅದು ಬರೀ ಮೊಣಕೈ ಹಾಗೆ ಬಾಗಿದ ಒಂದು ತುಂಡು, ಹೇಗೆ ತಿರುಗಿಸಿದರೆ ಹಾಗೆ. ಅವನು ನಗಲಿಲ್ಲ. "ಇರ್ಲಿ ಬಿಡು ತಂಗಿ, ಕಲೀತಿ" ಎಂದು ಹೊರಟ. ಆ "ಕಲೀತಿ" ನನ್ನ ಮೈಗೆ ಮೆಣಸಿನ ಪುಡಿ ಎರಚಿದ ಹಾಗಾಯಿತು. ಕಲಿತೇ ತೀರುತ್ತೇನೆ ಎಂದುಕೊಂಡೆ.

ಕಲಿಸಿದವರು ಶಿವಾಜಿನಗರದ ಹೋಲ್‌ಸೇಲ್ ಅಂಗಡಿಯ ಭಾಯ್. ನನ್ನ ಗಂಡ ಅವರಲ್ಲೇ ಮಾಲು ತರುತ್ತಿದ್ದರು. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಹತ್ತಿರ ತಮಿಳು, ನನ್ನ ಹತ್ತಿರ ಮಾತ್ರ ತಡೆದು ತಡೆದು ಕನ್ನಡ. "ಬೆಹನ್, ಕಣ್ಣಲ್ಲಿ ನೋಡ್ಬೇಡಿ, ಕೈಯಲ್ಲಿ ನೋಡಿ" ಎನ್ನುತ್ತಿದ್ದರು. ಪೈಪನ್ನು ಬೆರಳಲ್ಲಿ ಒತ್ತಿಸಿದರು, ಉಗುರಿನಿಂದ ಗೀರಿಸಿದರು, ಕೊಯ್ದ ಅಂಚನ್ನು ಕಣ್ಣು ಮುಚ್ಚಿ ಸವರಿಸಿದರು. ಆರು ತಿಂಗಳಲ್ಲಿ ಕತ್ತಲಲ್ಲಿ ಕೈಗೆ ಕೊಟ್ಟರೂ ಯಾವ ಪೈಪು, ಎಷ್ಟು ದಪ್ಪ, ಅಸಲಿಯೋ ನಕಲಿಯೋ ಹೇಳುವಂತಾದೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಮನೆಗಳಲ್ಲಿ ಈಗ ಹೆಚ್ಚಾಗಿ ಇರುವುದು ಎರಡು ಪೈಪು. ಬಿಳಿಯದು ತಣ್ಣೀರಿಗೆ. ಕ್ರೀಮ್ ಬಣ್ಣದ್ದು ಬಿಸಿನೀರಿಗೂ ಆಗುತ್ತದೆ. ಎರಡನ್ನೂ ಮುಕ್ಕಾಲು ಇಂಚು ಎಂದೇ ಕರೆದರೂ ಮೈಯ ಸುತ್ತಳತೆ ಬೇರೆ, ಒಂದರ ಎಲ್ಬೊಗೆ ಇನ್ನೊಂದು ಕೂರುವುದಿಲ್ಲ. ಅಂಟಿಸುವ ಸೊಲ್ಯೂಷನ್ನೂ ಬೇರೆ. ಸೊಲ್ಯೂಷನ್ ಅಂದರೆ ಗೋಂದಲ್ಲ. ಪೈಪಿನ ಮೈಯನ್ನೇ ತುಸು ಕರಗಿಸಿ ಎರಡು ತುಂಡನ್ನು ಒಂದು ಮಾಡುವಂಥದ್ದು. ಬಿಳಿ ಪೈಪಿನ ಸೊಲ್ಯೂಷನ್ನಿಗೆ ಕ್ರೀಮ್ ಪೈಪು ಸರಿಯಾಗಿ ಕರಗುವುದಿಲ್ಲ, ಮೇಲೆ ಮೇಲೆ ಹಿಡಿದುಕೊಂಡ ಹಾಗೆ ನಟಿಸುತ್ತದೆ. ಎರಡನ್ನೂ ಸೇರಿಸಲೇಬೇಕೆಂದರೆ ನಡುವೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರ್ ಹಾಕಿ, ಟೇಪ್ ಸುತ್ತಿ, ತಿರುಗಿಸಿ ಬಿಗಿಯಬೇಕು. ಅದೂ ತಣ್ಣೀರಿನ ದಾರಿಯಲ್ಲಿ ಮಾತ್ರ. ಬಿಸಿನೀರಿನ ದಾರಿಯಲ್ಲಿ ಬಿಳಿ ಪೈಪು ಇರಲೇಬಾರದು, ಬಿಸಿಗೆ ಅದು ಮೆತ್ತಗಾಗುತ್ತದೆ.

ಇದ್ಯಾವುದೂ ಅವನಿಗೆ ಬೇಕಿರಲಿಲ್ಲ. ಅವನದು ಬೆಂಕಿ ಜಾಯಿಂಟು. ಹಳೇ ಕಾಲದ ಮೇಸ್ತ್ರಿಗಳೆಲ್ಲ ಮಾಡುತ್ತಿದ್ದ ಕೆಲಸ. ನ್ಯೂಸ್ ಪೇಪರ್ ಸುರುಳಿ ಸುತ್ತಿ ಹೊತ್ತಿಸಿ ಬಿಳಿ ಪೈಪಿನ ಬಾಯಿಗೆ ಹಿಡಿಯುತ್ತಾರೆ. ಬಾಯಿ ಬೆಂದ ಶ್ಯಾವಿಗೆ ಹಾಗೆ ಮೆತ್ತಗಾದ ಕೂಡಲೇ ಇನ್ನೊಂದು ಪೈಪಿಗೆ ಸೊಲ್ಯೂಷನ್ ಬಳಿದು ಒಳಗೆ ತುರುಕುತ್ತಾರೆ, ಒದ್ದೆ ಬಟ್ಟೆ ಸುತ್ತುತ್ತಾರೆ. ಆರಿದ ಮೇಲೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನೋಡಲು ಚೊಕ್ಕ, ಅಡಾಪ್ಟರೂ ಬೇಡ, ಎಲ್ಬೊ ಕೂಡ ಬೇಡ. ಅವನು ಇದನ್ನು ಮಾಡುವಾಗ ನಿಂತು ನೋಡಿದ್ದೇನೆ. ಕೈ ಅಲುಗುತ್ತಿರಲಿಲ್ಲ, ಪೈಪು ಒಂದು ಕಡೆಯೂ ಕಪ್ಪಾಗುತ್ತಿರಲಿಲ್ಲ. ಕೆಲಸಗಾರ ಹೌದು. ಆದರೆ ಕೈ ಚೊಕ್ಕ ಇದ್ದ ಮಾತ್ರಕ್ಕೆ ತಪ್ಪು ಕೆಲಸ ಸರಿಯಾಗುವುದಿಲ್ಲ.

ನಾನು ಅದನ್ನು ಬಾಯಿಬಿಟ್ಟು ಹೇಳತೊಡಗಿದೆ. ಅವನು ಕ್ರೀಮ್ ಪೈಪು ತೆಗೆದುಕೊಂಡು ಬಿಳಿಯದರ ಸೊಲ್ಯೂಷನ್ ಕೇಳಿದರೆ, "ಇದು ಬೇಡ ಮೇಸ್ತ್ರಿ, ಹಿಡಿಯಲ್ಲ" ಎನ್ನುತ್ತಿದ್ದೆ. ಗಿರಾಕಿಗಳ ಎದುರಿಗೇ ಎನ್ನುತ್ತಿದ್ದೆ. ಬೇಕೆಂದೇ. ಅವನು ಮುಖ ಗಂಟು ಹಾಕಿ, "ನಾ ಪೈಪ್ ಹಿಡ್ಯಾಕ ಹತ್ತಿದಾಗ ನೀ ಸಾಲಿಗಿ ಹೋಗ್ತಿದ್ದಿ" ಎನ್ನುತ್ತಿದ್ದ. "ಹೋಗ್ತಿದ್ದೆ, ಅದಕ್ಕೇ ಡಬ್ಬದ ಮೇಲೆ ಬರೆದಿದ್ದು ಓದೋಕೆ ಬರತ್ತೆ" ಎನ್ನುತ್ತಿದ್ದೆ. ಓದಲು ಅವನಿಗೆ ಬರುತ್ತಿರಲಿಲ್ಲ. ಅದು ಗೊತ್ತಿದ್ದೇ ಆ ಮಾತು ಆಡಿದೆ. ಮೆಟ್ಟಿಲ ಮೇಲಿದ್ದವರು ಈ ಸಲ ನಕ್ಕಿದ್ದು ಅವನನ್ನು ನೋಡಿ. ಎರಡು ತಿಂಗಳು ಅವನು ನನ್ನ ಅಂಗಡಿಗೆ ಬರಲಿಲ್ಲ, ಶಿವಾಜಿನಗರದ ತನಕ ಹೋಗಿ ಮಾಲು ತಂದ. ನನಗೆ ಖುಷಿಯಾಯಿತು.

ಆಮೇಲೆ ಅವನು ಗೆದ್ದ. ಅದೇ ಬಿಲ್ಡಿಂಗಿನ ಟೆರೇಸಿನ ಮೇಲೆ ಟ್ಯಾಂಕಿನಿಂದ ಇಳಿಯುವ ಪೈಪನ್ನು ಬೆಂಕಿ ಜಾಯಿಂಟಿನಲ್ಲೇ ಸೇರಿಸಿದ್ದ. ಬೇಸಿಗೆ ಬಂದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ ಎಂದು ನಾನು ಬಿಲ್ಡಿಂಗಿನ ಸೆಕ್ರೆಟರಿಗೇ ಹೇಳಿದ್ದೆ. ಸೆಕ್ರೆಟರಿ ಬ್ಯಾಂಕಿನಿಂದ ರಿಟೈರ್ ಆದವರು, ಆಗಾಗ ತಾವೇ ಅಂಗಡಿಗೆ ಬರುತ್ತಿದ್ದರು. ಬೇಸಿಗೆ ಬಂತು, ಹೋಯಿತು. ಜಾಯಿಂಟು ಜಪ್ಪಯ್ಯ ಅನ್ನಲಿಲ್ಲ. ಒಂದು ಶನಿವಾರ ಅಂಗಡಿ ತುಂಬ ಜನ ಇದ್ದಾಗ ಅವನು ಬಂದು ನಿಂತ. "ಎಲ್ಲಾರೂ ಕೇಳ್ರಿ. ನನ್ನ ಜಾಯಿಂಟ್ ಬಿಚ್ಚಿಕೊಳ್ತದ ಅಂತ ಈ ತಂಗಿ ಸೆಕ್ರೆಟರಿ ಸಾಹೇಬ್ರ ಕಿವಿ ಕಚ್ಚಿದ್ಳು. ಒಂದ್ ಹನಿ ಸೋರಿಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರು ಇದ್ದಾಗ ಈ ಅಂಗಡ್ಯಾಗ ಮಾಲ್ ಸಿಗ್ತಿತ್ತು. ಈಗ ಬರೇ ಉಪದೇಶ. ನಾ ಕೇಳಿದ್ದು ಕೊಡು ತಂಗಿ, ಬಾಯಿ ಮುಚ್ಕೊಂಡು" ಎಂದ.

ಸತ್ತ ಗಂಡನನ್ನು ಎಳೆದು ತಂದು ನನ್ನ ಎದುರಿಗೆ ನಿಲ್ಲಿಸಿದ. ಅವನು ಕೇಳಿದ್ದು ಏನು ಅಂತ ಈಗ ನೆನಪಿಲ್ಲ, ಕೊಟ್ಟೆ. ಬಾಯಿ ಮುಚ್ಚಿಕೊಂಡೇ ಕೊಟ್ಟೆ. ಇನ್ನು ಮೇಲೆ ಇವನಿಗೆ ಒಂದು ಮಾತೂ ಹೇಳುವುದಿಲ್ಲ ಎಂದು ಅವತ್ತು ತೀರ್ಮಾನ ಮಾಡಿದೆ. ಐದಾರು ತಿಂಗಳು ಹಾಗೇ ನಡೆಯಿತು. ಅವನು ಕೇಳುತ್ತಿದ್ದ, ನಾನು ಕೊಡುತ್ತಿದ್ದೆ, ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಕೌಂಟರಿನ ಮೇಲೆ ಇಡುತ್ತಿದ್ದೆ. ಅದೃಷ್ಟಕ್ಕೆ ಆಗೆಲ್ಲ ಅವನದು ಬಿಳಿಗೆ ಬಿಳಿ, ಕ್ರೀಮಿಗೆ ಕ್ರೀಮು ಸೇರಿಸುವ ಸಾದಾ ಕೆಲಸ. ಹೇಳಬೇಕಾದ್ದೇನೂ ಇರಲಿಲ್ಲ.

ಚಳಿಗಾಲ ಶುರುವಾಗಿತ್ತು. ಅವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ಅವನು ಬಂದ. ಬೇರೆ ಯಾರೂ ಇರಲಿಲ್ಲ. ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಲೇ ಮೆಟ್ಟಿಲು ಹತ್ತಿದ. ಮಾತು ಕೇಳಿಸಿತು, ಅವನು ಮಾತಾಡಿದರೆ ಎದುರು ಗಲ್ಲಿಗೂ ಕೇಳಿಸುತ್ತದೆ. ಅವನ ಬಿಲ್ಡಿಂಗಿನ ಎರಡನೇ ಮಹಡಿಯ ಮನೆಯವರು ಹೊಸ ಗೀಸರ್ ಹಾಕಿಸಿದ್ದಾರೆ. ಬಾತ್‌ರೂಮಿನ ಗೀಸರಿನಿಂದ ಅಡುಗೆಮನೆಯ ಸಿಂಕಿಗೂ ಬಿಸಿನೀರು ಬೇಕಂತೆ. ಗೋಡೆಯೊಳಗೆ ಹಳೇ ಬಿಳಿ ಪೈಪೊಂದು ಆ ಕಡೆಗೆ ಹೋಗಿದೆ, ಈಗ ಉಪಯೋಗದಲ್ಲಿಲ್ಲ, ಅದರ ಬಾಯಿ ಬಾತ್‌ರೂಮಿನಲ್ಲಿ ನಾಲ್ಕು ಬೆರಳಷ್ಟು ಹೊರಗೆ ಚಾಚಿದೆ. ಟೈಲ್ಸ್ ಒಡೆಯಬಾರದು, ಒಡೆದರೆ ಅದೇ ಬಣ್ಣ ಈಗ ಸಿಗುವುದಿಲ್ಲ. ಗೀಸರಿನಿಂದ ಕ್ರೀಮ್ ಪೈಪು ತಂದು ಆ ಬಿಳಿ ತುಂಡಿಗೆ ಸೇರಿಸಿಬಿಟ್ಟರೆ ಆಯಿತು. "ಒಂದ್ ತಾಸಿನ ಕೆಲ್ಸ ಅಮ್ಮಾರ" ಎಂದು ಫೋನ್ ಇಟ್ಟ.

ಕ್ರೀಮ್ ಪೈಪು ಒಂದು ತುಂಡು ಕೇಳಿದ, ಎರಡು ಎಲ್ಬೊ ಕೇಳಿದ, ಬಿಳಿ ಪೈಪಿನ ಸೊಲ್ಯೂಷನ್ ಸಣ್ಣ ಡಬ್ಬ ಕೇಳಿದ. ಮೂರನ್ನೂ ತೆಗೆದು ಕೌಂಟರಿನ ಮೇಲಿಟ್ಟೆ. ಇಡುವಾಗಲೇ ನನಗೆ ಪೂರ್ತಿ ಚಿತ್ರ ಕಣ್ಣಿಗೆ ಬಂತು. ಬಿಸಿನೀರಿನ ದಾರಿಯಲ್ಲಿ ಬಿಳಿ ಪೈಪು, ಅದರ ಬಾಯಿಗೆ ಬೆಂಕಿ, ಕ್ರೀಮಿಗೆ ಹಿಡಿಯದ ಸೊಲ್ಯೂಷನ್. ಮೂರು ತಪ್ಪು ಒಂದೇ ಜಾಗದಲ್ಲಿ. ಸರಿಯಾದ ದಾರಿ ಒಂದೇ, ಗೋಡೆ ಒಡೆದು ಪೂರ್ತಿ ಕ್ರೀಮ್ ಪೈಪು ಎಳೆಯುವುದು. ಟೆರೇಸಿನ ಜಾಯಿಂಟು ಬಚಾವಾಯಿತು, ಅಲ್ಲಿ ತಣ್ಣೀರು. ಇದು ಬಚಾವಾಗುವುದಿಲ್ಲ. ಒಂದು ತಿಂಗಳು ತಡೆದರೆ ಹೆಚ್ಚು.

ಅವನು ಎಂದಿನ ಹಾಗೆ ಎತ್ತಿಕೊಂಡು ಹೋಗಲಿಲ್ಲ. ಡಬ್ಬವನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಓದಲು ಬಾರದ ಅಕ್ಷರಗಳನ್ನು ನೋಡಿದ. "ಅಡಗಿ ಮನಿಗಿ ಅಷ್ಟೇನ್ ಸುಡೋ ನೀರು ಹೋಗಾಂಗಿಲ್ಲ" ಎಂದ, ನನಗಲ್ಲ ಎನ್ನುವ ಹಾಗೆ. ನಾನು ಬಿಲ್ಲು ಬರೆದೆ. ಎಲ್ಬೊ ಎರಡನ್ನೂ ಜೇಬಿಗೆ ಹಾಕಿದ, ಮತ್ತೆ ತೆಗೆದ. "ಬೆಂಕಿ ಕೊಟ್ಟು ಕೂಡ್ಸಿದ್ರ ತಡೀತದ ಅಂತೀನಿ" ಎಂದ. ಈ ಸಲ ನನ್ನ ಮುಖ ನೋಡಿದ.

ಅದು ಪ್ರಶ್ನೆ. ನಾನು ಅಂಗಡಿಯಲ್ಲಿ ಕೂತ ಆರು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲನೇ ಪ್ರಶ್ನೆ. ಕೇಳಿದ ಹಾಗೂ ಇರಬಾರದು, ಉತ್ತರವೂ ಸಿಗಬೇಕು, ಹಾಗೆ ಕೇಳಿದ್ದ. ನನಗೆ ಚೆನ್ನಾಗಿ ಅರ್ಥವಾಯಿತು. ಒಳಗೊಳಗೇ ಎಷ್ಟು ಹಿಗ್ಗಿದೆ ಅಂದರೆ, ಹೇಳಲು ನಾಚಿಕೆಯಾಗುತ್ತದೆ. ಬಂದೆಯಾ ದಾರಿಗೆ, ಅಂದುಕೊಂಡೆ. ಬಾಯಿ ಮುಚ್ಚಿಕೊಂಡು ಕೊಡು ಅಂದಿದ್ದೆಯಲ್ಲ, ಈಗ ಬಾಯಿ ತೆರೆಸು ನೋಡೋಣ ಅಂದುಕೊಂಡೆ.

"ನಿಮಗೆ ಗೊತ್ತಿಲ್ಲದ್ದಾ ಮೇಸ್ತ್ರಿ" ಎಂದೆ. ನಗುನಗುತ್ತಲೇ ಅಂದೆ.

ಅವನು ಎಲ್ಬೊ, ಡಬ್ಬ ಎಲ್ಲ ಜೇಬಿಗೆ ಹಾಕಿದ. ಆಮೇಲೆ ತಲೆಯಾಡಿಸಿ, ಪೈಪನ್ನು ಹೆಗಲಿಗೆ ಏರಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿದ.

ನನ್ನ ಹತ್ತಿರ ಸೆಕ್ರೆಟರಿಯ ಫೋನ್ ನಂಬರ್ ಇತ್ತು. ಮೇಸ್ತ್ರಿಯದೂ ಇತ್ತು. ಮೂರು ವಾರ ಇತ್ತು ಸಮಯ. ಮಾಡಲಿಲ್ಲ. ಮರೆತೆ ಅಂತ ಹೇಳುವಂತಿಲ್ಲ, ದಿನಾ ನೆನಪಾಗುತ್ತಿತ್ತು. ಬೆಳಗ್ಗೆ ನನ್ನ ಮನೆಯ ಗೀಸರ್ ಹಾಕುವಾಗ ನೆನಪಾಗುತ್ತಿತ್ತು. ಬಿಟ್ಟುಕೊಂಡಿತಾ ಇವತ್ತಾದರೂ ಅಂತ ಕಾಯುತ್ತಿದ್ದೆ. ಯಾರಿಗಾದರೂ ಪೆಟ್ಟಾದೀತು ಅನ್ನುವುದು ತಲೆಗೆ ಬಂದಿರಲಿಲ್ಲ ಅಂತ ಬರೆಯಬಹುದಿತ್ತು. ಬಂದಿತ್ತು. ಸೋರುತ್ತದೆ ಅಷ್ಟೇ, ಗೋಡೆ ನೆನೆಯುತ್ತದೆ, ಅವನ ಮರ್ಯಾದೆ ಹೋಗುತ್ತದೆ, ಅಷ್ಟೇ ಎಂದು ತಳ್ಳಿಹಾಕುತ್ತಿದ್ದೆ.

ಬಿಟ್ಟುಕೊಂಡದ್ದು ಒಂದು ಶುಕ್ರವಾರ ಬೆಳಗ್ಗೆ. ಆ ಮನೆಗೆ ನೆಂಟರು ಬಂದಿದ್ದರಂತೆ, ಗೀಸರ್ ತುಂಬ ಹೊತ್ತು ಉರಿದಿತ್ತು. ಮನೆಯಾಕೆ ಬಾತ್‌ರೂಮಿನಲ್ಲಿ ಬಕೆಟ್ ಇಟ್ಟು ಬಗ್ಗಿದ್ದಾಗ ಗೋಡೆಯ ಹತ್ತಿರ ಪೈಪು ಜಾರಿ ಕುದಿಯುವ ನೀರು ಬಲಗೈ ಮೇಲೆ ಬಿತ್ತು. ಮೊಣಕೈಯಿಂದ ಮಣಿಕಟ್ಟಿನ ತನಕ ಬೊಬ್ಬೆ ಎದ್ದಿತು. ವಾಲ್ವು ತುಕ್ಕು ಹಿಡಿದು ಕೂತಿತ್ತು, ಮುಚ್ಚಲಾಗಲಿಲ್ಲ. ಟೆರೇಸಿನ ಟ್ಯಾಂಕಿನಲ್ಲಿದ್ದ ನೀರೆಲ್ಲ ಆ ಬಾಯಿಂದ ಹೊರಬಂದು, ಮೆಟ್ಟಿಲಿನ ಮೇಲೆ ಹರಿದು, ಕೆಳಗಿನ ಮೀಟರ್ ಬೋರ್ಡಿಗೆ ನುಗ್ಗಿತು. ಎರಡು ದಿನ ಹದಿನಾಲ್ಕು ಮನೆಗೂ ಕರೆಂಟಿಲ್ಲ. ಮೆಟ್ಟಿಲ ಕೆಳಗಿನ ರೂಮಿಗೂ ನೀರು ನುಗ್ಗಿತು. ಪೈಪು ಬಿಟ್ಟುಕೊಂಡ ವಿಷಯ ನನಗೆ ಶುಕ್ರವಾರ ಮಧ್ಯಾಹ್ನದೊಳಗೆ ಅಂಗಡಿಯ ಮೆಟ್ಟಿಲ ಮೇಲೆ ಕೂರುವವರಿಂದ ಗೊತ್ತಾಯಿತು. ಬೊಬ್ಬೆಯ ಮಾತೂ ಕೇಳಿದೆ. ಆದರೂ ಶಟರ್ ಎಳೆದು ಅಲ್ಲಿಗೆ ಓಡಲಿಲ್ಲ, ಕೂತೇ ಇದ್ದೆ.

ಭಾನುವಾರ ಬೆಳಗ್ಗೆ ಸೆಕ್ರೆಟರಿ ಫೋನ್ ಮಾಡಿದರು. ಆ ಮನೆಯವರು ನನ್ನ ಅಂಗಡಿಯ ಮಾಲೇ ನಕಲಿ ಎನ್ನುತ್ತಿದ್ದಾರೆ, ಬಂದು ಮಾತಾಡಿ ಎಂದರು. ಆಟೋ ಹಿಡಿದು ಹೋದೆ. ಪಾರ್ಕಿಂಗಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಜಾರಿ ಬಂದ ಕ್ರೀಮ್ ಪೈಪಿನ ತುಂಡು ಇಟ್ಟಿದ್ದರು. ಅವನು ಕಂಬಕ್ಕೆ ಒರಗಿ ನಿಂತಿದ್ದ. ಅವನ ಹೆಂಡತಿ ರೂಮಿನ ಬಾಗಿಲಲ್ಲಿ ಒದ್ದೆ ಹಾಸಿಗೆಯನ್ನು ಬಿಸಿಲಿಗೆ ತಿರುಗಿಸಿ ಹಾಕುತ್ತಿದ್ದಳು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಮನೆಯಾಕೆ ನನ್ನನ್ನು ನೋಡಿದ ಕೂಡಲೇ, "ಇವ್ರೇನಾ ಡೂಪ್ಲಿಕೇಟ್ ಮಾಲು ಮಾರೋರು" ಎಂದಳು.

ನಾನು ತುಂಡನ್ನು ಎತ್ತಿಕೊಂಡೆ. ಹೆಬ್ಬೆರಳಲ್ಲಿ ಸವರಿದೆ. ತುದಿಯಲ್ಲಿ ಸೊಲ್ಯೂಷನ್ ಒಣಗಿ ಹೊಪ್ಪಳೆಯಾಗಿ ಎದ್ದಿತ್ತು, ಪೈಪಿನ ಮೈ ಮಾತ್ರ ಹಾಗೇ ನುಣ್ಣಗಿತ್ತು. "ಮಾಲು ಅಸಲಿ. ಎಲ್ಲಿ ಬೇಕಾದ್ರೂ ಟೆಸ್ಟ್ ಮಾಡಿಸಿ" ಎಂದೆ.

ಅವನೇ ಮಾತಾಡಿದ. "ಮಾಲ್ ಖರೇ ಅದ ಸಾಹೇಬ್ರ. ಮಾಲಿನ್ ಮ್ಯಾಲ ತಪ್ಪು ಹಾಕಬ್ಯಾಡ್ರಿ. ಕೆಲ್ಸ ನಂದು."

"ಹಾಗಾದ್ರೆ ಇನ್ನೇನ್ರೀ ಮಾತು" ಎಂದು ಯಾರೋ ಕೂಗಿದರು. ರೂಮು ಖಾಲಿ ಮಾಡಿಸಿ, ಕಂಪನಿಯವರಿಗೆ ಮೆಂಟೆನೆನ್ಸ್ ಕೊಟ್ಟುಬಿಡಿ ಎಂದು ಇನ್ನೊಬ್ಬರು ಅಂದರು. ಸೆಕ್ರೆಟರಿ ಕೈ ಎತ್ತಿ ಸುಮ್ಮನಾಗಿಸಿದರು. ಅವರು ಒಳ್ಳೆಯವರು, ಹದಿನೆಂಟು ವರ್ಷದಿಂದ ಇರುವವನನ್ನು ಹೊರಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ, ಒಂದು ನೆಪ ಹುಡುಕುತ್ತಿದ್ದರು. "ಏನಪ್ಪಾ, ಬಿಸಿನೀರು ಅಂತ ಗೊತ್ತಿದ್ದೂ ಈ ಕೆಲ್ಸ ಮಾಡಿದ್ಯಲ್ಲ. ಯಾರನ್ನಾದ್ರೂ ಒಂದು ಮಾತು ಕೇಳಿದ್ಯಾ?" ಎಂದರು.

"ಕೇಳೀನ್ರಿ" ಎಂದ. ನನ್ನ ಕಡೆ ಕೈ ಮಾಡಿದ. "ಈ ಅಕ್ಕೋರಿಗಿ ಕೇಳೀನಿ. ಪೈಪಿನ ವಿಷಯ ಇವರಿಗಿ ಗೊತ್ತಿದ್ದಷ್ಟು ಈ ಬಜಾರದಾಗ ಯಾರಿಗೂ ಗೊತ್ತಿಲ್ರಿ. ನನಗೂ ಗೊತ್ತಿಲ್ಲ. ತಡೀತದೇನು ಅಂತ ಕೇಳಿದ್ದೆ."

ಹನ್ನೆರಡು ಮುಖ ನನ್ನ ಕಡೆ ತಿರುಗಿತು. ಆರು ವರ್ಷ ನಾನು ಯಾವ ಮಾತಿಗಾಗಿ ಹಲ್ಲು ಕಚ್ಚಿ ಕಾದಿದ್ದೆನೋ ಆ ಮಾತು, ಅವನ ಬಾಯಿಂದಲೇ, ಅಷ್ಟು ಜನರೆದುರು ಬಂದಿತ್ತು. ತಂಗಿ ಅನ್ನಲಿಲ್ಲ, ಅಕ್ಕೋರು ಅಂದ.

"ಹೌದೇನಮ್ಮ?" ಎಂದರು ಸೆಕ್ರೆಟರಿ. "ನಿಮ್ಮನ್ನ ಕೇಳಿದ್ದು ನಿಜಾನಾ? ತಿಳಿದವ್ರನ್ನ ಕೇಳಿ ಮಾಡಿದ್ರೆ ಅದು ಬೇರೆ ವಿಷ್ಯ. ರಿಪೇರಿ ಮಾಡಿಸಿ ಮುಂದಕ್ಕೆ ಹೋಗೋಣ. ತನ್ನ ಇಷ್ಟಕ್ಕೆ ಮಾಡಿದ್ರೆ ನಾನೇನೂ ಮಾಡೋ ಹಾಗಿಲ್ಲ. ನಿಮಗೆ ಇದು ತಡೆಯಲ್ಲ ಅಂತ ಗೊತ್ತಿತ್ತಾ?"

ಗೊತ್ತಿತ್ತು ಅಂದರೆ ಅವನಿಗೆ ರೂಮು ಉಳಿಯುತ್ತಿತ್ತು. ನನ್ನನ್ನು ಬಯ್ಯುತ್ತಿದ್ದರು, ಆ ಬಿಲ್ಡಿಂಗಿನ ಗಿರಾಕಿ ಹೋಗುತ್ತಿತ್ತು, ಗಲ್ಲಿಯಲ್ಲಿ ಹೆಸರು ಕೆಡುತ್ತಿತ್ತು. ಬ್ಯಾಂಡೇಜಿನ ಕೈ ನನ್ನ ಎದುರಿಗೇ ಇತ್ತು. ಅದನ್ನು ನೋಡಿದೆ, ಹೆದರಿದೆ.

"ನನಗೇನ್ ಗೊತ್ತು ಸರ್" ಎಂದೆ. "ಟೆರೇಸಿಂದು ಬಿಟ್ಕೊಳತ್ತೆ ಅಂದಿದ್ದೂ ಸುಳ್ಳಾಯ್ತಲ್ಲ. ಮನೆಯವ್ರು ಹೋದ್ಮೇಲೆ ಹೊಟ್ಟೆಪಾಡಿಗೆ ಅಂಗಡೀಲಿ ಕೂತಿರೋ ಹೆಂಗಸು. ಕೆಲಸದ ವಿಷ್ಯ ಎಲ್ಲ ಮೇಸ್ತ್ರಿಗಳಿಗೆ ಗೊತ್ತಿರೋದು."

ಅವನು ನನ್ನನ್ನು ನೋಡಿದ. ರೇಗುತ್ತಾನೆ ಅಂದುಕೊಂಡೆ, ರೇಗಿದ್ದರೆ ನನಗೂ ಎರಡು ಮಾತು ಆಡಲು ದಾರಿಯಾಗುತ್ತಿತ್ತು. ರೇಗಲಿಲ್ಲ. "ಬಿಡ್ರಿ ಸಾಹೇಬ್ರ, ಆಕಿಗೇನ್ ಗೊತ್ತದ" ಎಂದ. ಕುರ್ಚಿಯ ಮೇಲಿನ ತುಂಡನ್ನು ತೆಗೆದುಕೊಂಡು ರೂಮಿನೊಳಗೆ ಹೋದ.

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ತಿಂಗಳ ಕೊನೆಗೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ನನ್ನ ಮಾಲಿನ ಬಗ್ಗೆ ಅನುಮಾನಪಟ್ಟಿದ್ದಕ್ಕೆ ಬ್ಯಾಂಡೇಜಿನ ಹೆಂಗಸು ಬೇಸರ ಮಾಡ್ಕೋಬೇಡಿ ಎಂದಳು. ನ್ಯಾಯವಾಗಿ ಆ ಮಾತು ನಾನು ಅವಳಿಗೆ ಹೇಳಬೇಕಿತ್ತು.

ಗೇಟಿನ ಹತ್ತಿರ ಆಟೋಗೆ ನಿಂತಿದ್ದಾಗ ಮೇಸ್ತ್ರಿಯ ಹೆಂಡತಿ ಬಂದಳು. ಕೈ ಇನ್ನೂ ಒದ್ದೆಯಾಗಿತ್ತು. ನಾನು ಅವಳನ್ನು ದೂರದಿಂದ ನೋಡಿದ್ದೆ, ಮಾತಾಡಿಸಿದ್ದು ಇಲ್ಲ. ಬಯ್ಯಲು ಬಂದಳೆಂದು ಸೆಟೆದು ನಿಂತೆ.

"ಅಕ್ಕೋರೆ" ಎಂದಳು, ಮೆಲ್ಲಗೆ. "ಅವತ್ತ ಅವ್ರು ನಿಮ್ಮ ಅಂಗಡಿಯಿಂದ ಬಂದವ್ರೇ ನನಗ ಹೇಳಿದ್ರು. ಗ್ವಾಡಿ ಒಡ್ಯೋದ ಚೊಲೊ ಅಂತ ಅವ್ರಿಗೂ ಇತ್ತು. ಅಂಗಡಿ ಅಕ್ಕ ಪ್ರತಿ ಸಲ ಬ್ಯಾಡ ಅಂತಾಳ, ಇವತ್ತ ಬ್ಯಾಡ ಅಂದಿಲ್ಲ, ಹಂಗಾರ ತಡೀತದ ಅಂದ್ರು. ಅಂದು ಮ್ಯಾಲ ಹೋದ್ರು."

ಅಷ್ಟು ಹೇಳಿ ಅವಳು ಹಾಸಿಗೆ ತಿರುಗಿಸಲು ಹೋದಳು.

ಈಗ ಅವರು ಕೆ.ಆರ್. ಪುರದ ಆಚೆ ಎಲ್ಲೋ ಬಾಡಿಗೆಗೆ ಇದ್ದಾರಂತೆ. ಅವನು ಕೆಲಸಕ್ಕೆ ಹೋಗುವುದಿಲ್ಲವಂತೆ, ಅವಳೊಬ್ಬಳೇ ಹೋಗುತ್ತಾಳಂತೆ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆಂಡತಿಗೆ ಹೇಳಿದ್ದನ್ನು ಒಂದೇ ಒಂದು ಸಲ ನನ್ನ ಮೆಟ್ಟಿಲ ಮೇಲೆ ನಿಂತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಸಿಟ್ಟನ್ನು ನಾನು ಬಿಡುವುದಿಲ್ಲ. ಬಿಟ್ಟರೆ ಅವತ್ತು ಕೌಂಟರಿನ ಹಿಂದೆ ನಗುತ್ತ ನಿಂತಿದ್ದವಳು ಒಬ್ಬಳೇ ಉಳಿಯುತ್ತಾಳೆ. "ಗೋಡೆ ಒಡೆಸಿ ಮೇಸ್ತ್ರಿ" ಎನ್ನಲು ಅವಳಿಗೆ ಎಷ್ಟು ಹೊತ್ತು ಬೇಕಿತ್ತು?